‘ಕರುಣಾಳು ಬಾ ಬೆಳಕೆ’ ಯಾರ ಹಾಡು? ಕ್ರೈಸ್ತ ನಂಬಿಕೆ, ನಾಡಿನ ಗುರುತು ಮತ್ತು ನಾವು ದಿನವೂ ಕೇಳುವ ಹಾಡು, ನೋಡುವ ಸಿನಿಮಾ

ಬೀದರಿನ ಕನ್ನಡ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಪ್ರೌಢಶಾಲೆಯಲ್ಲಿ ನಡೆದ ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗುತ್ತಿಲ್ಲವಾದ್ದರಿಂದ ಅದನ್ನು ಇಲ್ಲಿ ಹಿರಿಯರ ಮತ್ತು ಗೆಳೆಯರ ಮುಂದೆ ಇಡುತ್ತಿದ್ದೇನೆ.

ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ವಾರಕ್ಕೆರಡು ದಿನ ‘ಕರುಣಾಳು ಬಾ ಬೆಳಕೆ’ ಹಾಡಿಸುವ ರೂಢಿಯಿದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮುಂದೆ ನಿಂತು ಅದನ್ನು ಹಾಡಿಕೊಡುತ್ತಾನೆ. ಅವನ ಧ್ವನಿ ಚೆನ್ನಾಗಿದೆ, ಶ್ರುತಿ ಬಿಡುವುದಿಲ್ಲ. ರಾಜ್ಯೋತ್ಸವದ ತಯಾರಿ ನಡೆದಾಗ ನಾಡಗೀತೆಗೂ ಅವನನ್ನೇ ಮುಂದೆ ನಿಲ್ಲಿಸಿದೆ. ಆಗ ಅವನ ಜೊತೆಯವನೇ ಒಬ್ಬ, ಜಗಳದ ದನಿಯಲ್ಲೇನೂ ಅಲ್ಲ, ತನಗೆ ಗೊತ್ತಿರುವ ಸಂಗತಿಯೊಂದನ್ನು ಹೇಳುವವನ ಹಾಗೆ, “ನೀವು ಇಂಗ್ಲಿಷರ ದೇವರವರು, ಈ ಹಾಡಿಗೆ ನೀನು ಯಾಕೆ ಮುಂದೆ ನಿಲ್ಲಬೇಕು?” ಎಂದನಂತೆ. ಹುಡುಗ ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಶಿಕ್ಷಕರ ಕೋಣೆಯ ಬಾಗಿಲಿಗೆ ಬಂದು ನಿಂತ. ತಟ್ಟೆ ಇನ್ನೂ ಕೈಯಲ್ಲೇ ಇತ್ತು, ತೊಳೆದ ನೀರು ತೊಟ್ಟಿಕ್ಕುತ್ತಿತ್ತು. “ಟೀಚರ್, ನಮ್ಮದು ಇಂಗ್ಲಿಷರ ಧರ್ಮವೇ?” ಎಂದು ಕೇಳಿದ. ಅವನು ನನ್ನನ್ನೇ ಕೇಳಲು ಕಾರಣವಿತ್ತು, ನಾನೂ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದ ಸಭೆಯವಳು. ಆಗ ಏನೋ ಒಂದು ಸಮಾಧಾನದ ಮಾತು ಹೇಳಿ ಕಳಿಸಿದೆ. ಅವನಿಗೆ ಕೊಡಬೇಕಾಗಿದ್ದ ಉತ್ತರ ಅದಲ್ಲ ಎಂಬುದು ಅವನು ಹೋದ ಮೇಲೆ ಹೊಳೆಯಿತು.

ಅವನು ಪ್ರತಿ ವಾರ ಹಾಡುವ ಆ ಹಾಡಿನಲ್ಲಿಯೇ ಉತ್ತರವಿದೆ ಎಂದು ನನಗೆ ಅನಿಸುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ಆ ಗೀತೆಯ ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬ ಪಾದ್ರಿಗಳು. 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು, ಗುಣವಾಗಿ ಊರಿಗೆ ಮರಳುವಾಗ, ಗಾಳಿ ನಿಂತು ಹಡಗು ಸಮುದ್ರದ ನಡುವೆ ಕದಲದೆ ಉಳಿದ ಹೊತ್ತಿನಲ್ಲಿ ಅವರು ಅದನ್ನು ಬರೆದರು. ಮುಂದೆ ಅವರು ಕ್ಯಾಥೊಲಿಕ್ ಸಭೆಗೆ ಸೇರಿ ಕಾರ್ಡಿನಲ್ ಆದರು, 2019ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಗಾಂಧೀಜಿಯವರಿಗೆ ಬಹಳ ಪ್ರಿಯವಾಗಿದ್ದ ಗೀತೆ ಅದು. ಅಂದರೆ ನಮ್ಮ ನಾಡಿನ ಎಷ್ಟೋ ಶಾಲೆಗಳಲ್ಲಿ, ಭಾವಗೀತೆಯ ಕಾರ್ಯಕ್ರಮಗಳಲ್ಲಿ, ಸತ್ತವರ ಸ್ಮರಣೆಯ ಸಭೆಗಳಲ್ಲಿ ಎಲ್ಲ ಜಾತಿಮತದವರೂ ಕಣ್ಣು ಮುಚ್ಚಿ ಹಾಡುವ, ಕೇಳುವ ಆ ಹಾಡು ಹುಟ್ಟಿದ್ದು ಒಂದು ಕ್ರೈಸ್ತ ಪ್ರಾರ್ಥನೆಯಾಗಿ. ಅದನ್ನು ಯಾರೂ ಇಂಗ್ಲಿಷರ ಹಾಡೆಂದು ಕರೆಯುವುದಿಲ್ಲ. ಹಾಡು ನಮ್ಮದಾಗುವುದಾದರೆ ಹಾಡುವ ಹುಡುಗ ಹೇಗೆ ಹೊರಗಿನವನಾದಾನು?

ಇನ್ನು ‘ಇಂಗ್ಲಿಷರ ಧರ್ಮ’ ಎಂಬ ಮಾತು ಇತಿಹಾಸಕ್ಕೂ ಹೊಂದುವುದಿಲ್ಲ. ಕೇರಳದಲ್ಲಿ ಕ್ರೈಸ್ತರು ಇದ್ದರೆಂಬುದನ್ನು ಆರನೆಯ ಶತಮಾನದ ಗ್ರೀಕ್ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ. ಆಗ ಇಂಗ್ಲೆಂಡಿನ ಬಹುಭಾಗಕ್ಕೆ ಆ ನಂಬಿಕೆ ಇನ್ನೂ ಮುಟ್ಟಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯು 1813ರ ತನಕ ತನ್ನ ಪ್ರಾಂತಗಳಲ್ಲಿ ಮಿಷನರಿಗಳನ್ನು ದೂರವೇ ಇಟ್ಟಿತ್ತು. ನಮ್ಮ ಬೀದರಂತೂ ನಿಜಾಮರ ಸಂಸ್ಥಾನದಲ್ಲಿತ್ತು, ಇಲ್ಲಿಗೆ ಬಂದ ಮೆಥೋಡಿಸ್ಟರು ಅಮೆರಿಕದವರು. ಆ ಸಭೆಯೂ 1981ರಿಂದ ಭಾರತದ ಮೆಥೋಡಿಸ್ಟ್ ಸಭೆಯೆಂದು ತನ್ನ ಆಡಳಿತವನ್ನು ತಾನೇ ನಡೆಸಿಕೊಂಡು ಬಂದಿದೆ.

ಇಷ್ಟೆಲ್ಲ ಇದ್ದೂ ಆ ಹುಡುಗನ ಗೆಳೆಯನಿಗೆ ಬೇರೆ ಚಿತ್ರ ಎಲ್ಲಿಂದ ಬಂತು? ಪಠ್ಯಪುಸ್ತಕದಿಂದ ಬಂದಿಲ್ಲ. ನಾವೆಲ್ಲ ಪ್ರೀತಿಯಿಂದ ನೋಡಿದ ಸಿನಿಮಾಗಳಿಂದ ಬಂದಿದೆ ಎಂಬುದು ನನ್ನ ಅನಿಸಿಕೆ. ಕಳ್ಳಸಾಗಣೆದಾರನಿಗೆ ರಾಬರ್ಟ್, ಕುಡುಕನಿಗೆ ಆಂಟನಿ, ಕ್ಲಬ್ಬಿನಲ್ಲಿ ಕುಣಿಯುವವಳಿಗೆ ಜೂಲಿ ಎಂದು ಹೆಸರಿಡುವುದು ಒಂದು ಕಾಲಕ್ಕೆ ಪದ್ಧತಿಯೇ ಆಗಿತ್ತು. 1972ರ ‘ನಾಗರಹಾವು’ ಚಿತ್ರದ ಮಾರ್ಗರೇಟ್ ಅಂಥ ಪಾತ್ರವಲ್ಲ, ಆಕೆಯ ಪ್ರೀತಿ ನಿಜವಾದದ್ದು. ಆದರೂ ರಾಮಾಚಾರಿಯನ್ನು ಮಗನಂತೆ ಕಂಡ ಚಾಮಯ್ಯ ಮೇಷ್ಟ್ರಿಗೆ ಆ ಸಂಬಂಧವನ್ನು ಒಪ್ಪಲು ಆಗುವುದಿಲ್ಲ, ಕೊನೆಗೆ ಇಬ್ಬರಿಗೂ ಬೆಟ್ಟದ ತುದಿಯೊಂದೇ ದಾರಿಯಾಗುತ್ತದೆ. ಎಳವೆಯಲ್ಲಿ ಆ ಚಿತ್ರ ನೋಡಿ ನಾನು ಬಹಳ ಅತ್ತಿದ್ದೆ. ಮಾರ್ಗರೇಟಳ ಮನೆಯ ಮಾತು, ಊಟ, ಉಡುಪು ಯಾವುದೂ ನಮ್ಮ ಮನೆಯ ಹಾಗಿರಲಿಲ್ಲವಲ್ಲ ಎಂದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಅವ್ವ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಚಪ್ಪಲಿಯನ್ನು ಹೊರಗೆ ಬಿಟ್ಟು, ಜಮಖಾನದ ಮೇಲೆ ಕೂತು ಆರಾಧನೆ ಮಾಡಿದವಳು. ಅಂಥ ಕ್ರೈಸ್ತ ಹೆಂಗಸನ್ನು ನಾನು ತೆರೆಯ ಮೇಲೆ ಈ ತನಕ ನೋಡಿಲ್ಲ.

ಇದನ್ನು ನೀವು ಹೇಗೆ ಕಾಣುತ್ತೀರಿ? ಆ ಹುಡುಗನಿಗೆ ಏನು ಹೇಳುತ್ತಿದ್ದಿರಿ?

ಭಾಲ್ಕಿಯ ನಿವೃತ್ತ ಸೈನಿಕ

ಅಕ್ಕಾವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆ ಹುಡುಗನಿಗೆ ಬೇಸರವಾದದ್ದು ನನಗೂ ಬೇಸರ ತಂದಿತು. ನಾನು ಕ್ರೈಸ್ತನಲ್ಲ. ಹದಿನೇಳು ವರ್ಷ ಸೈನ್ಯದಲ್ಲಿ ಇದ್ದವನು. ಹಾಡು ಮತ್ತು ದೇಶದ ವಿಷಯ ಬಂದಿದ್ದರಿಂದ ಒಂದು ಮಾತು ಹೇಳಬೇಕೆನಿಸಿತು.

ಪ್ರತಿ ವರ್ಷ ಜನವರಿ 29ರಂದು ದೆಹಲಿಯ ವಿಜಯ ಚೌಕದಲ್ಲಿ ಗಣರಾಜ್ಯೋತ್ಸವದ ಮುಕ್ತಾಯಕ್ಕೆ ಸೇನಾ ವಾದ್ಯವೃಂದಗಳು ನಡೆಸುವ ಬೀಟಿಂಗ್ ರಿಟ್ರೀಟ್‌ನಲ್ಲಿ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಗೀತೆಯನ್ನು 1950ರಿಂದ ನುಡಿಸುತ್ತಿದ್ದರು. ಅದೂ ಗಾಂಧೀಜಿಯವರಿಗೆ ಪ್ರಿಯವಾದದ್ದೇ. 2022ರಲ್ಲಿ ಅದನ್ನು ಕೈಬಿಟ್ಟು, ಚೀನಾ ಯುದ್ಧದ ಹುತಾತ್ಮರನ್ನು ನೆನೆಯುವ ‘ಏ ಮೇರೆ ವತನ್ ಕೇ ಲೋಗೋ’ ಹಾಡನ್ನು ಸೇರಿಸಿದರು. ಆಗ ಬಹಳ ಜನ ಇದನ್ನು ಕ್ರೈಸ್ತರಿಗೆ ಆದ ಅನ್ಯಾಯವೆಂದು ಬರೆದರು. ನನಗೆ ಹಾಗೆ ಅನಿಸಲಿಲ್ಲ. ಸಂಜೆ ಇಳಿಯುವಾಗ ಆ ಗೀತೆಯ ಗಂಟೆಯ ನಾದ ದೂರದಿಂದ ಕೇಳಿಬರುತ್ತಿದ್ದುದು ಮನಸ್ಸಿಗೆ ತಟ್ಟುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಜೊತೆ ಇದ್ದ ಸಿಪಾಯಿಗಳಲ್ಲಿ ಅದರ ಮಾತುಗಳನ್ನು ಬಲ್ಲವರು ವಿರಳ. ವತನ್ ಹಾಡು ಬಂದರೆ ಎಲ್ಲರಿಗೂ ಗಂಟಲು ಕಟ್ಟುತ್ತದೆ. ದೇಶದ ಸಮಾರಂಭದಲ್ಲಿ ದೇಶದವರಿಗೆ ತಿಳಿಯುವ ಹಾಡು ಇರಲಿ ಎಂದರೆ ಅದರಲ್ಲಿ ದ್ವೇಷವೇನೂ ಇಲ್ಲ. ಕ್ರೈಸ್ತ ಸೈನಿಕರು ನನ್ನ ಪಕ್ಕದಲ್ಲೇ ಇದ್ದವರು, ಅವರ ದೇಶಪ್ರೇಮವನ್ನು ಒಂದು ಹಾಡಿನಿಂದ ಅಳೆಯುವ ಅಗತ್ಯ ಯಾರಿಗೂ ಬರಬಾರದು.

ಬೀದರಿನ ಕನ್ನಡ ಶಿಕ್ಷಕಿ

ಅಣ್ಣಾವರೇ, ನಿಮ್ಮ ಮಾತಿನ ಪ್ರಾಮಾಣಿಕತೆಗೆ ಶರಣು. ತಿಳಿಯುವ ಭಾಷೆಯಲ್ಲಿ ಹಾಡಿರಬೇಕೆಂಬುದು ನನ್ನ ಮಾತೂ ಹೌದು. ನನ್ನ ಮನಸ್ಸಿಗೆ ತಾಗಿದ್ದು ಹಾಡು ಹೋದದ್ದಲ್ಲ, ಅದು ಹೋದಾಗ ಬಳಕೆಯಾದ ‘ವಸಾಹತುಶಾಹಿಯ ಪಳೆಯುಳಿಕೆ’ ಎಂಬ ವಿಶೇಷಣ. ಅದೇ ಸಮಾರಂಭದಲ್ಲಿ ನುಡಿಸುವ ಕಹಳೆ, ಬ್ಯಾಗ್‌ಪೈಪು, ಆ ಸಮಾರಂಭವೇ ಬ್ರಿಟಿಷ್ ಸೈನ್ಯದಿಂದ ಬಂದದ್ದು, ಅವನ್ನು ಯಾರೂ ಪಳೆಯುಳಿಕೆ ಎನ್ನಲಿಲ್ಲ. ಇಂಗ್ಲೆಂಡಿನಲ್ಲಿಯಾದರೆ ಅದೇ ಗೀತೆಯನ್ನು 1927ರಿಂದ ಫುಟ್‌ಬಾಲಿನ ಎಫ್‌ಎ ಕಪ್ ಅಂತಿಮ ಪಂದ್ಯಕ್ಕೆ ಮೊದಲು ಇಡೀ ಮೈದಾನವೇ ಎದ್ದು ಹಾಡುತ್ತದೆ. ಅಲ್ಲಿ ಚರ್ಚಿಗೆ ಕಾಲಿಡದವರೂ ಅದನ್ನು ಹಾಡುವುದು ತಮ್ಮ ನಾಡಿನ ಹಾಡೆಂದು. ಅಲ್ಲಿ ನಂಬಿಕೆ ಕ್ರೀಡೆಯಲ್ಲಿ ಕರಗಿ ನಾಡಿನ ಗುರುತಾಯಿತು, ಇಲ್ಲಿ ಅದೇ ಗೀತೆ ಪರರ ಗುರುತಾಯಿತು. ಒಂದೇ ಹಾಡಿಗೆ ಎರಡು ದೇಶಗಳಲ್ಲಿ ಎರಡು ಪಾಡು ಬಂದದ್ದನ್ನು ನೋಡಿದರೆ, ಹಾಡಿಗೆ ನಾಡಿನ ಗುರುತನ್ನು ಕೊಡುವುದು ಹಾಡುವವರೇ ಎಂದು ಅನಿಸುತ್ತದೆ.

ಹುಮನಾಬಾದಿನ ಓದುಗ

ಮೇಡಂ, ನಿಮ್ಮ ಮೊದಲ ಬರಹದ ಮೂಲ ವಾದದಲ್ಲಿಯೇ ನನಗೊಂದು ತೊಡಕು ಕಾಣುತ್ತಿದೆ, ತಪ್ಪು ತಿಳಿಯಬೇಡಿ. ನ್ಯೂಮನ್ನರ ಆ ಮೂರು ಪದ್ಯಗಳಲ್ಲಿ ಯೇಸುವಿನ ಹೆಸರಿಲ್ಲ, ಶಿಲುಬೆಯಿಲ್ಲ. ಬೆಳಕನ್ನು ಕರೆಯುತ್ತಾರೆ, ಕತ್ತಲೆಯಲ್ಲಿ ಕೈಹಿಡಿದು ನಡೆಸೆನ್ನುತ್ತಾರೆ, ಅಷ್ಟೇ. ಉಪನಿಷತ್ತಿನ ‘ತಮಸೋಮಾ ಜ್ಯೋತಿರ್ಗಮಯ’ ಬಲ್ಲವರಿಗೆ ಅದು ಹೊಸದೆನಿಸಲಿಲ್ಲ, ಆದ್ದರಿಂದ ಒಪ್ಪಿದರು. ಯೇಸುವಿನ ಹೆಸರಿದ್ದಿದ್ದರೆ ಬೆಳಗಿನ ಪ್ರಾರ್ಥನೆಗೆ ಅದು ಬರುತ್ತಿತ್ತೆ? ಹೆಸರು ಕಳಚಿಟ್ಟ ಮೇಲೆ ಒಳಗೆ ಬಿಟ್ಟುಕೊಳ್ಳುವುದು ಕ್ರೈಸ್ತರನ್ನು ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಾಗುವುದಿಲ್ಲ. ನಿಮ್ಮ ವಿದ್ಯಾರ್ಥಿ ತನ್ನ ಹೆಸರಿನೊಂದಿಗೇ, ತನ್ನ ನಂಬಿಕೆಯೊಂದಿಗೇ ಮುಂದೆ ನಿಲ್ಲಬೇಕಲ್ಲವೇ?

ಹೆಸರಿದ್ದೂ ಒಪ್ಪಿತವಾದ ಉದಾಹರಣೆ ಬೇಕಿದ್ದರೆ ಮಂಜೇಶ್ವರದ ಗೋವಿಂದ ಪೈಗಳಿದ್ದಾರೆ. ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದವರು ಅವರು. ಅವರಿಗೇ 1949ರಲ್ಲಿ ಅಂದಿನ ಮದರಾಸು ಸರಕಾರ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟಿತು. ಕ್ರಿಸ್ತನ ಶಿಲುಬೆಯನ್ನು ಹಾಡಿದ ಕೈ ರಾಷ್ಟ್ರದ ಕೈಯಲ್ಲವೆಂದು ಆಗ ಯಾರೂ ಹೇಳಲಿಲ್ಲ.

ಬೀದರಿನ ಕನ್ನಡ ಶಿಕ್ಷಕಿ

ಸರ್, ನಿಮ್ಮ ಮಾತು ಸರಿ. ನಾನು ಆ ಹಾಡಿನ ಮೇಲಿನ ಪ್ರೀತಿಯಿಂದ ಅದರ ಮೇಲೆ ಹೆಚ್ಚು ಭಾರ ಹೊರಿಸಿದೆ. ಹೆಸರಿಲ್ಲದ್ದರಿಂದಲೇ ಅದು ಸುಲಭವಾಗಿ ದಾಟಿ ಬಂತು ಎಂಬುದನ್ನು ಒಪ್ಪುತ್ತೇನೆ.

ಬಸವಕಲ್ಯಾಣದ ವಚನಪ್ರೇಮಿ

ಎಲ್ಲರಿಗೂ ಶರಣು ಶರಣಾರ್ಥಿ. ಓದುಗ ಸರ್ ಗೋವಿಂದ ಪೈಗಳನ್ನು ನೆನೆದರು. ಪೈಗಳು ಕ್ರೈಸ್ತರಲ್ಲದೆ ಕ್ರಿಸ್ತನನ್ನು ಹಾಡಿದವರು. ಕ್ರೈಸ್ತರಾಗಿದ್ದು ನಮ್ಮ ವಚನಗಳನ್ನು ಎತ್ತಿಹಿಡಿದವರನ್ನು ನಾನು ನೆನೆಯಬೇಕು, ಏಕೆಂದರೆ ಅವರ ಕಥೆ ನಮ್ಮ ಜಿಲ್ಲೆಗೂ ಕಲಬುರಗಿಗೂ ನೇರವಾಗಿ ಸೇರಿದ್ದು.

ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಗಳಾಗಿದ್ದವರು. ಹಳ್ಳಿಹಳ್ಳಿ ತಿರುಗಿ, ಜನರ ಬಾಯಿಂದ ಮತ್ತು ಓಲೆಗಳಿಂದ ಕೂಡಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರು. ಇಂದು ಯಾವ ಮನೆಯ ಮಗುವಾದರೂ ಒಂದು ತ್ರಿಪದಿ ಹೇಳಿದರೆ ಅದರ ಹಿಂದೆ ಆ ಪಾದ್ರಿಗಳ ಕಾಲ್ನಡಿಗೆಯ ದಣಿವಿದೆ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡವರು ಅವರು. ನಮ್ಮ ಕಲ್ಯಾಣದ ಅನುಭವ ಮಂಟಪ ಬರಿಯ ಕಲ್ಪನೆಯೆಂದು ಕೆಲವು ವಿದ್ವಾಂಸರು ಬರೆದಾಗ, ಅದು ನಿಜವಾಗಿ ಇತ್ತೆಂದು ಆಧಾರ ಸಹಿತ ವಾದಿಸಲು ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಪುಸ್ತಕವನ್ನೇ ಬರೆದರು. ಲಿಂಗಾಯತ ಮನೆತನದಲ್ಲಿ ಹುಟ್ಟಿ ಬೆಳೆದ ನನಗೆ ಅದನ್ನು ಓದಿದಾಗ ಆದ ಋಣಭಾವವನ್ನು ಮಾತಿನಲ್ಲಿ ಹೇಳಲಾರೆ. ನಮ್ಮ ಶರಣರ ಮನೆಗೆ ಕಾವಲು ನಿಂತವರು ಒಬ್ಬ ಕ್ರೈಸ್ತ ಪಾದ್ರಿ.

ಮತ್ತೊಂದು ಸಂಗತಿ. ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮೊದಲ ಸಲ ನಡೆದದ್ದು 1928ರಲ್ಲಿ, ನಿಜಾಮರ ಆಳ್ವಿಕೆಯ ದಿನಗಳಲ್ಲಿ. ಅದರ ಅಧ್ಯಕ್ಷರು ಶಿಕ್ಷಕಿಯವರು ಹೇಳಿದ ಅದೇ ಬಿ.ಎಂ. ಶ್ರೀಕಂಠಯ್ಯನವರು. ಎರಡನೆಯ ಸಲ ಸೇರಿದ್ದು 1949ರಲ್ಲಿ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಇನ್ನೂ ಗಾಯ ಮಾಯದ ಕಾಲ, ಎಲ್ಲ ಕಡೆ ಯಾರು ನಮ್ಮವರು, ಯಾರು ಪರಕೀಯರು ಎಂಬ ಸಂಶಯ ತುಂಬಿದ್ದ ಕಾಲ. ಆಗ ಈ ಭಾಗದ ಕನ್ನಡಿಗರ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತವರು ಉತ್ತಂಗಿ ಚನ್ನಪ್ಪನವರು. ಪಾದ್ರಿಯೆಂಬುದನ್ನು ಮುಚ್ಚಿಟ್ಟುಕೊಂಡಲ್ಲ, ರೆವರೆಂಡ್ ಎಂಬ ಹೆಸರಿನೊಂದಿಗೇ. ಅಕ್ಕಾವರೇ, ಆ ಹುಡುಗನಿಗೆ ಇದನ್ನು ಹೇಳಿ. ಕಲಬುರಗಿ ಅವನಿಗೆ ಬಸ್ಸಿನಲ್ಲಿ ಮೂರು ತಾಸಿನ ದಾರಿ, ದೂರದ ಕಥೆಯಲ್ಲ.

ಹುಮನಾಬಾದಿನ ಓದುಗ

ಇದು ನಾನು ಹುಡುಕುತ್ತಿದ್ದ ಉತ್ತರ. ಇದರೊಂದಿಗೆ ಕಿಟೆಲ್ ಅವರ ನಿಘಂಟು (1894), ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಇವೆಲ್ಲವನ್ನೂ ಸೇರಿಸಬಹುದು. ಆದರೆ ಅವರು ಜರ್ಮನಿಯಿಂದ ಬಂದವರು, ‘ನೋಡಿ, ಹೊರಗಿನವರು ಉಪಕಾರ ಮಾಡಿದರು’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಉತ್ತಂಗಿಯವರ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ.

ಚಿಟಗುಪ್ಪಾದ ಮಗಳು

ದೊಡ್ಡವರ ಮಾತುಗಳನ್ನೆಲ್ಲ ಓದಿದೆ, ಬಹಳ ಕಲಿತೆ. ಆದರೂ ಒಂದು ಮಾತು ಈ ಚರ್ಚೆಯಲ್ಲಿ ಬರದೆ ಹೋದರೆ ನಮ್ಮಂಥವರ ಪಾಲಿಗೆ ಅದು ಅಪೂರ್ಣ. ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಕ್ರೈಸ್ತರೆಂದರೆ ಹೆಚ್ಚಿನವರು ಊರ ಹೊರಗಿನ ಕೇರಿಯ ಜನ. ನಮ್ಮ ಮುತ್ತಜ್ಜ ದೀಕ್ಷಾಸ್ನಾನ ಪಡೆದದ್ದು ಸಿನಿಮಾದ ಮಾರ್ಗರೇಟಳ ಹಾಗೆ ಬದುಕಲಿಕ್ಕಲ್ಲ. ಅಕ್ಷರ ಕಲಿಯಲಿಕ್ಕೆ, ಒಬ್ಬರ ಪಕ್ಕ ಒಬ್ಬರು ಕೂತು ಒಂದೇ ರೊಟ್ಟಿ ಮುರಿಯಲಿಕ್ಕೆ.

ದೇಶ ನಮ್ಮನ್ನು ಯಾರೆಂದು ಗುರುತಿಸುತ್ತದೆ ಎಂಬುದನ್ನು ನಾವು ಹಾಡಿನಲ್ಲಿ ನೋಡುವುದಿಲ್ಲ, ತಹಶೀಲ್ದಾರ ಕಚೇರಿಯ ಪ್ರಮಾಣಪತ್ರದಲ್ಲಿ ನೋಡುತ್ತೇವೆ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಹಿಂದೂ ಧರ್ಮದವರಿಗೆ ಮಾತ್ರ ಆ ಸ್ಥಾನವೆಂದು ಬರೆದರು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಚರ್ಚಿಗೆ ಹೋದ ಮರುದಿನವೂ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡುತ್ತಿದ್ದವರಿಗೆ ನಮ್ಮ ಧರ್ಮ ಬದಲಾದದ್ದು ಕಾಣಲಿಲ್ಲ, ಸರಕಾರಿ ಕಾಗದಕ್ಕೆ ಮಾತ್ರ ಕಂಡಿತು. ಹೀಗಾಗಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು, ಸಭೆಯ ರಿಜಿಸ್ಟರಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ನಾನು ಹತ್ತನೆಯ ತರಗತಿಯ ಅರ್ಜಿ ತುಂಬುವಾಗ ಗುಮಾಸ್ತರು ಧರ್ಮದ ಅಂಕಣದ ಮೇಲೆ ಪೆನ್ನು ಹಿಡಿದು ನನ್ನ ಅಪ್ಪನ ಮುಖ ನೋಡಿದರು. ಅಪ್ಪ ತುಸು ಹೊತ್ತು ಸುಮ್ಮನಿದ್ದು, ಗಂಟಲು ಸರಿಮಾಡಿಕೊಂಡು, ಒಂದು ಶಬ್ದ ಹೇಳಿದರು. ಯಾವ ಶಬ್ದವೆಂದು ಇಲ್ಲಿ ಬರೆಯುವುದಿಲ್ಲ. ಆ ಮೌನ ಮಾತ್ರ ನನ್ನ ಜೊತೆಗೇ ಉಳಿದಿದೆ.

ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ್ ಮುಖರ್ಜಿಯವರು ಕ್ರೈಸ್ತರು. ಶಾಸನಸಭೆಗಳಲ್ಲಿ ಧರ್ಮದ ಆಧಾರದ ಮೀಸಲು ಸ್ಥಾನಗಳು ತಮ್ಮವರಿಗೆ ಬೇಡವೆಂದು, ಎಲ್ಲರೂ ಒಂದೇ ರಾಷ್ಟ್ರವಾಗೋಣವೆಂದು ಒಪ್ಪಿದವರಲ್ಲಿ ಅವರೂ ಒಬ್ಬರು. ಅಷ್ಟು ನಂಬಿಕೆಯಿಂದ ಕೈ ಚಾಚಿದ ಸಮುದಾಯವನ್ನು ‘ನೀವು ಯಾವ ದೇಶದವರು’ ಎಂದು ಕೇಳುವುದು ನೋವು ತರುತ್ತದೆ.

ಭಾಲ್ಕಿಯ ನಿವೃತ್ತ ಸೈನಿಕ

ತಂಗೀ, ನಿಮ್ಮ ತಂದೆಯವರ ಮೌನದ ಮುಂದೆ ನನ್ನ ಹಾಡಿನ ಮಾತು ಸಣ್ಣದೆನಿಸಿತು. ನಮ್ಮೂರಿನ ಕೇರಿಯಲ್ಲಿಯೂ ಎರಡು ಹೆಸರಿನವರಿದ್ದಾರೆ. ಅದನ್ನು ನಾವು ಮೇಲಿನ ಓಣಿಯವರು ಇಷ್ಟು ದಿನ ಮೋಸವೆಂದೇ ಮಾತಾಡಿಕೊಂಡೆವು, ಅದರ ಹಿಂದಿನ ಇಕ್ಕಟ್ಟನ್ನು ಕೇಳಲಿಲ್ಲ.

ಪೇಟಿ ಮಾಸ್ತರ, ಕಲಬುರಗಿ

ಎಲ್ಲರಿಗೂ ವಂದನೆ. ನಾನು ಇಪ್ಪತ್ತು ವರ್ಷಗಳಿಂದ ಚರ್ಚಿನ ಸಭೆಗಳಲ್ಲಿ ಪೇಟಿ (ಹಾರ್ಮೋನಿಯಂ) ಮತ್ತು ಕೀಬೋರ್ಡ್ ನುಡಿಸುತ್ತ ಬಂದವನು. ಇತರರು ನಮ್ಮನ್ನು ಹೇಗೆ ಕಾಣುತ್ತಾರೆಂಬ ಮಾತು ಸಾಕಷ್ಟು ಬಂದಿತು. ನಾವು ನಮ್ಮನ್ನು ಹೇಗೆ ತೋರಿಸಿಕೊಳ್ಳುತ್ತೇವೆ ಎಂಬುದನ್ನೂ ಹೇಳಬೇಕು.

ಡಿಸೆಂಬರ್ ಬಂತೆಂದರೆ ನಗರದ ಚರ್ಚುಗಳಲ್ಲಿ ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಗಿಡ, ಕೆಂಪು ಅಂಗಿಯ ಸಾಂತಾಕ್ಲಾಸ್. ಕಲಬುರಗಿಯ ಮಕ್ಕಳು ಹುಟ್ಟಿದಾರಭ್ಯ ಹಿಮ ನೋಡಿದವರಲ್ಲ, ಅವರಿಗೆ ಗೊತ್ತಿರುವುದು ತೊಗರಿ ಹೊಲದ ಮೇಲಿನ ಬೆಳಗಿನ ಮಂಜು. ಯೇಸು ಹುಟ್ಟಿದ ಬೆತ್ಲೆಹೇಮಿನ ಕಥೆಯಲ್ಲಿ ಇರುವುದು ದನದ ಗೋದಲಿ, ಕುರಿ ಕಾಯುವವರು, ಜನಗಣತಿಗೆ ಊರೂರು ಅಲೆಯುವ ಬಡ ಗಂಡಹೆಂಡತಿ. ಅದು ನಮ್ಮ ಯಾದಗಿರಿ, ಶಹಾಪುರದ ಕಡೆಯ ಕಥೆಯ ಹಾಗೆಯೇ ಇದೆ. ಕನ್ನಡ ಬೈಬಲಿನ 23ನೆಯ ಕೀರ್ತನೆ ‘ಯೆಹೋವನು ನನಗೆ ಕುರುಬನು’ ಎಂದು ಶುರುವಾಗುತ್ತದೆ. ಅದನ್ನು ಕೇಳಿದಾಗ ನನಗೆ ಕಾಣುವವನು ಹೆಗಲ ಮೇಲೆ ಕರಿ ಕಂಬಳಿ ಹೊದ್ದು, ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಭೀಮಾ ದಂಡೆಗೆ ಇಳಿಯುವ ನಮ್ಮ ಕುರುಬ. ದೇವರಿಗೆ ಕಂಬಳಿ ಹೊದಿಸಿದ ಭಾಷೆಯನ್ನು ಬಿಟ್ಟು ನಾವು ಹತ್ತಿಯ ಹಿಮವನ್ನು ಅಂಟಿಸುತ್ತಿದ್ದೇವೆ. ಹೀಗಿರುವಾಗ ಆ ಹುಡುಗನ ಗೆಳೆಯನ ಕಣ್ಣಿಗೆ ನಾವು ಇಂಗ್ಲಿಷರಾಗಿ ಕಂಡರೆ ಪೂರ್ತಿ ತಪ್ಪು ಅವನದೇ ಎನ್ನಲಾರೆ.

ಹಾಡಿನ ಸ್ಥಿತಿಯೂ ಅಷ್ಟೇ. ಯೂಟ್ಯೂಬಿನಲ್ಲಿ ಓಡುವ ತೆಲುಗು, ಹಿಂದಿ ಸ್ತುತಿಗೀತೆಗಳನ್ನು ಮಕ್ಕಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ, ಕೀಬೋರ್ಡಿನಲ್ಲಿ ಡ್ರಮ್ಮಿನ ತಾಳವನ್ನು ಹಚ್ಚಿಬಿಟ್ಟರೆ ಮುಗಿಯಿತು. ಆ ಹಾಡುಗಳ ಭಕ್ತಿಯನ್ನು ನಾನು ಹೀಗಳೆಯುವುದಿಲ್ಲ. 1978ರ ತೆಲುಗು ಚಿತ್ರ ‘ಕರುಣಾಮಯುಡು’ ತೆಲುಗು ಮಾತಾಡುವ ಯೇಸುವನ್ನು ತೆರೆಗೆ ತಂದಾಗ ಎಷ್ಟೋ ಬಡ ಜನರಿಗೆ ಅವನು ತಮ್ಮವನೆನಿಸಿದ. ಆಚೆಯ ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು ಕ್ರೈಸ್ತರಾದ ಮೇಲೆ ಅಲ್ಲಿನ ಭಕ್ತಿಪದವಾದ ಅಭಂಗದ ಧಾಟಿಯಲ್ಲಿಯೇ ಕೀರ್ತನೆ ಬರೆದರು, ಅವನ್ನು ಅಲ್ಲಿನ ಸಭೆಗಳು ಇಂದಿಗೂ ಹಾಡುತ್ತವೆ. ನಮ್ಮ ಕನ್ನಡದಲ್ಲಿಯೂ ಕಿಟೆಲ್ ಅವರು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಿದರು. ಆ ದಾರಿ ಮುಂದೆ ಬೆಳೆಯಲಿಲ್ಲ. ನಮ್ಮ ಹಳೆಯ ಕೀರ್ತನೆ ಪುಸ್ತಕದ ಎಷ್ಟೋ ಹಾಡುಗಳಲ್ಲಿ ಜರ್ಮನ್, ಇಂಗ್ಲಿಷ್ ರಾಗಗಳ ಅಳತೆಗೆ ಕನ್ನಡದ ಮಾತನ್ನು ಎಳೆದು ಹಿಗ್ಗಿಸಿ ಕೂಡಿಸಲಾಗಿದೆ, ಹ್ರಸ್ವ ಬರಬೇಕಾದಲ್ಲಿ ದೀರ್ಘ ಹಾಡಬೇಕು. ಆದರೂ ಹಳ್ಳಿಯ ಹೆಂಗಸರು ಅವೇ ಹಾಡುಗಳನ್ನು ತತ್ವಪದದ ಧಾಟಿಗೆ ಬಗ್ಗಿಸಿಕೊಂಡು, ತಾಳ, ಡಗ್ಗಾ ಹಿಡಿದು ಹಾಡುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೇನೆ. ಪುಸ್ತಕದಲ್ಲಿಲ್ಲದ ಆ ಧಾಟಿಗಳು ಆ ಮುದುಕಿಯರ ಜೊತೆಗೇ ಹೋಗುತ್ತಿವೆ.

ಬೀದರಿನ ಕನ್ನಡ ಶಿಕ್ಷಕಿ

ಮಾಸ್ತರರೇ, ನೀವು ಹೇಳಿದ್ದು ನನಗೂ ಚುಚ್ಚಿತು. ಕಳೆದ ಕ್ರಿಸ್‌ಮಸ್ಸಿಗೆ ನಮ್ಮ ಸಭೆಯ ಮಕ್ಕಳಿಗೆ ಇಂಗ್ಲಿಷ್ ಕ್ಯಾರೋಲ್ ಕಲಿಸಿದವಳು ನಾನೇ. ಮನೆಯಲ್ಲಿ ಮಾತ್ರ ಎಂದಿನಂತೆ ಕರ್ಚಿಕಾಯಿ, ಶೇಂಗಾ ಹೋಳಿಗೆ ಮಾಡಿ ಓಣಿಯ ಎಲ್ಲ ಮನೆಗಳಿಗೂ ಹಂಚಿದ್ದೆವು. ನಮ್ಮ ನಾಲಿಗೆ ಊರಿನದಾಗಿಯೇ ಉಳಿದಿದೆ, ವೇದಿಕೆಗೆ ಹತ್ತುವಾಗ ಮಾತ್ರ ಬೇರೆಯವರ ಉಡುಪು ಹಾಕುತ್ತೇವೆ.

ನಮ್ಮ ಅಜ್ಜ ಒಂದು ವಾಕ್ಯವನ್ನು ಆಗಾಗ ಹೇಳುತ್ತಿದ್ದರು. ಹಳೆಯ ಕನ್ನಡ ಬೈಬಲಿನಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ‘ನಾವಾದರೋ ಪರಲೋಕ ಸಂಸ್ಥಾನದವರು’ ಎಂಬ ಮಾತಿದೆ. ಅಜ್ಜ ನಿಜಾಮರ ಸಂಸ್ಥಾನದಲ್ಲಿ ಹುಟ್ಟಿದವರು. ಕಚೇರಿಯ ಉರ್ದು ಅವರಿಗೆ ಓದಲು ಬರುತ್ತಿರಲಿಲ್ಲ, ಅವರು ಓದಿದ ಕನ್ನಡವೆಲ್ಲ ಬೈಬಲಿನ ಕನ್ನಡ. ಸಂಸ್ಥಾನ ಎಂಬ ಶಬ್ದವನ್ನು ಅವರು ಪಾಠದಿಂದ ಕಲಿಯಬೇಕಾಗಿರಲಿಲ್ಲ, ಅದರ ಕಂದಾಯ ಕಟ್ಟಿದ್ದರು, ಅದರ ಭಯ ಉಂಡಿದ್ದರು. ಮೇಲೆ ಇನ್ನೊಂದು ಸಂಸ್ಥಾನವಿದೆ ಎಂಬ ಮಾತು ಅವರನ್ನು ಈ ನೆಲದಿಂದ ಕೀಳಲಿಲ್ಲ. ಈ ನೆಲದ ಯಾವ ದೊರೆಯ ಮುಂದೆಯೂ ಅತಿಯಾಗಿ ಬಗ್ಗದಿರುವ ಧೈರ್ಯ ಕೊಟ್ಟಿತು. ಕ್ರೈಸ್ತನಿಗೆ ಎರಡು ನಿಷ್ಠೆಯಿದೆ ಎಂದು ಆರೋಪದ ದನಿಯಲ್ಲಿ ಹೇಳುವವರಿಗೆ ನನ್ನ ಉತ್ತರ ಅಜ್ಜನ ಬದುಕು. ಹೈದರಾಬಾದ್ ಸೇರ್ಪಡೆಯಾದ ಮೇಲೆ ಅವರು ಮನೆಯ ಜಗಲಿಯ ಮೇಲೆ ತ್ರಿವರ್ಣ ಧ್ವಜ ಕಟ್ಟಿದ್ದರೆಂದು ಅವ್ವ ಹೇಳುತ್ತಿದ್ದಳು, ಅದೇ ಸಂಜೆ ಮಂಡಿಯೂರಿ ಪ್ರಾರ್ಥನೆಯನ್ನೂ ಮಾಡಿದ್ದರು.

ಹುಮನಾಬಾದಿನ ಓದುಗ

ಈ ಎರಡು ನಿಷ್ಠೆಯ ಪ್ರಶ್ನೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1986ರಲ್ಲಿಯೇ ಬಿಡಿಸಿದೆ. ಕೇರಳದ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಅವರನ್ನು ಹೊರಹಾಕಿದಾಗ ನ್ಯಾಯಾಲಯವು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ನಂಬಿಕೆಯ ಕಾರಣಕ್ಕೆ ಬಾಯಿ ಮುಚ್ಚಿ ನಿಂತ ಮಗುವೂ ಈ ದೇಶದ ಮಗುವೇ ಆಗಿರುವಾಗ, ನಾಡಗೀತೆಯನ್ನು ಮುಂದೆ ನಿಂತು ಹಾಡಿಕೊಡುವ ಹುಡುಗನ ವಿಷಯದಲ್ಲಿ ಸಂಶಯಕ್ಕೆ ಎಡೆಯೆಲ್ಲಿ? ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯವೆಂದು 2016ರಲ್ಲಿ ಹೇಳಿದ ಅದೇ ನ್ಯಾಯಾಲಯ 2018ರಲ್ಲಿ ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು.

ಬಸವಕಲ್ಯಾಣದ ವಚನಪ್ರೇಮಿ

ಅಕ್ಕಾವರೇ, ರಾಜ್ಯೋತ್ಸವದ ದಿನ ನಿಮ್ಮ ಶಾಲೆಯವರು ಒಪ್ಪಿದರೆ ನಾನು ಬಂದು ಉತ್ತಂಗಿಯವರ ವಿಷಯವಾಗಿ ಹತ್ತು ನಿಮಿಷ ಮಾತಾಡುತ್ತೇನೆ. ನನ್ನಲ್ಲಿ ಅವರ ಸರ್ವಜ್ಞನ ವಚನಗಳ ಹಳೆಯ ಪ್ರತಿ ಒಂದಿದೆ, ಅಟ್ಟೆ ಹೋಗಿ ದಾರ ಹಾಕಿ ಕಟ್ಟಿದ್ದು. ಮಕ್ಕಳು ಮುಟ್ಟಿ ನೋಡಲಿ.

ಬೀದರಿನ ಕನ್ನಡ ಶಿಕ್ಷಕಿ

ಅಣ್ಣಾವರೇ, ಬಹಳ ಸಂತೋಷ. ಮುಖ್ಯ ಗುರುಗಳನ್ನು ಕೇಳಿ ತಿಳಿಸುತ್ತೇನೆ. ಹುಡುಗನೊಂದಿಗೆ ನಿನ್ನೆ ಮಾತಾಡಿದೆ. ಮಾತನ್ನು 1949ರ ಕಲಬುರಗಿಯಿಂದಲೇ ಶುರುಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಅವರು ಸಮ್ಮೇಳನದಲ್ಲಿ ಕನ್ನಡದಲ್ಲಿಯೇ ಮಾತಾಡಿದರಾ ಟೀಚರ್?” ಹೌದೆಂದೆ. ಅವನ ಗೆಳೆಯನೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ, ಅವರಿಬ್ಬರ ನಡುವೆ ಈಗ ಮುನಿಸಿಲ್ಲ.

ಪೇಟಿ ಮಾಸ್ತರ, ಕಲಬುರಗಿ

ನನ್ನದೊಂದು ವಿನಂತಿ. ಬೀದರ್, ಕಲಬುರಗಿ, ಯಾದಗಿರಿಯ ಯಾವ ಹಳ್ಳಿಯಲ್ಲಾದರೂ ಕೀರ್ತನೆಗಳನ್ನು ತತ್ವಪದದ ಧಾಟಿಯಲ್ಲಿ ಹಾಡಬಲ್ಲ ಹಿರಿಯರು ಇದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಂಡು, ಸ್ವರ ಹಾಕಿ ಬರೆದಿಡುತ್ತೇನೆ. ಈ ಡಿಸೆಂಬರಿನಲ್ಲಿ ನಮ್ಮ ಸಭೆಯ ಮಕ್ಕಳಿಗೆ ಅವನ್ನೇ ಕಲಿಸುವ ಮನಸ್ಸಿದೆ.

ಚಿಟಗುಪ್ಪಾದ ಮಗಳು

ಮಾಸ್ತರರೇ, ನಮ್ಮ ಆಯಿ ಇದ್ದಾಳೆ. ಕಣ್ಣು ಕಾಣುವುದಿಲ್ಲ, ಹಾಡುಗಳು ಬಾಯಲ್ಲಿವೆ. ಯೇಸುವಿನ ಹುಟ್ಟಿನ ಹಾಡೊಂದನ್ನು ಅವಳು ಹಂತಿಯ ಹಾಡಿನ ಧಾಟಿಯಲ್ಲಿ ಹಾಡುತ್ತಾಳೆ, ಕಣದಲ್ಲಿ ರಾಶಿ ಮಾಡುವಾಗ ಕಲಿತದ್ದಂತೆ. ಭಾನುವಾರ ಆರಾಧನೆ ಮುಗಿದ ಮೇಲೆ ಬನ್ನಿ, ಊಟ ನಮ್ಮ ಮನೆಯಲ್ಲೇ. ಕೀಬೋರ್ಡ್ ತರಬೇಡಿ, ಅದರ ಸದ್ದಿಗೆ ಅವಳಿಗೆ ಹಾಡು ತಪ್ಪುತ್ತದೆ. ತಾಳ ಇದ್ದರೆ ತನ್ನಿ, ನಮ್ಮಲ್ಲಿದ್ದ ಜೋಡಿಯಲ್ಲಿ ಒಂದು ಒಡೆದಿದೆ.